ತಂಗಿದರೆ ಯಾತ್ರೆ ಮುರಿಯುವುದೆ?

ಹೌರಾ ಕಡೆಯಿಂದ ವಾಸ್ಕೋಗೆ ಟಿಕೆಟ್ ಪಡೆದ ಯಾತ್ರಿಕನು ಹೊಸಪೇಟೆಯಲ್ಲಿ ಇಳಿದು, ತುಂಗಭದ್ರೆಯ ಆಚೆ ಸಾಣಾಪುರಕ್ಕೆ ಸಮೀಪದ ಅಂಜನಾದ್ರಿಯನ್ನು ಹತ್ತಿ ಬಂದು, ಅದೇ ಟಿಕೆಟಿನ ಮೇಲೆ ಮುಂದುವರಿಯಲು ರೈಲ್ವೆಯ ನಿಯಮದಲ್ಲಿ ಅವಕಾಶವಿದೆ. ಬ್ರೇಕ್ ಜರ್ನಿ ಎಂದರೆ ಹೀಗೆ ನಡುದಾರಿಯಲ್ಲಿ ತಂಗುವುದು. 500 ಕಿ.ಮೀ.ಗಿಂತ ದೂರದ ಟಿಕೆಟಿಗೆ ಒಂದು, 1000 ಕಿ.ಮೀ. ಮೀರಿದ್ದಕ್ಕೆ ಎರಡು ತಂಗುಗಳು ಸಲ್ಲುತ್ತವೆ. ಬಂದ ದಿನ, ಹೊರಡುವ ದಿನ ಬಿಟ್ಟು ಪ್ರತಿ ತಂಗುವಿಕೆಗೆ 2 ದಿನ. ಮೊದಲ 500 ಕಿ.ಮೀ. ಕ್ರಮಿಸುವ ಮುನ್ನ ಮಾತ್ರ ತಂಗುವಂತಿಲ್ಲವಾದ್ದರಿಂದ, ಬೆಂಗಳೂರಿನಿಂದ ಹೊರಟವನಿಗೆ ಹೊಸಪೇಟೆಯಲ್ಲಿ ಈ ಸೌಲಭ್ಯ ದೊರೆಯದು. ದೂರ ಬೆಳೆದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ, ಇದಕ್ಕೆ ಟೆಲಿಸ್ಕೋಪಿಕ್ ದರವೆಂದು ಹೆಸರು. ಬಿಡಿಬಿಡಿಯಾಗಿ ಕೊಂಡ ಟಿಕೆಟುಗಳಿಗಿಂತ ಒಂದೇ ಉದ್ದನೆಯ ಟಿಕೆಟು ಅಗ್ಗವಾಗುತ್ತದೆ, ತಂಗಿದವನಿಗೂ ಈ ಲಾಭ ತಪ್ಪದು. ಹಾಗಾದರೆ ನಡುವೆ ಇಳಿದರೂ ಪ್ರಯಾಣ ಒಂದೇ ಆಗಿ ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಈ ಪ್ರಶ್ನೆಗೆ ಇದೇ ನೆಲದ ಕಥೆಯಲ್ಲಿ ಉತ್ತರವಿದೆ. ಅಂಜನಾದ್ರಿಗೆ ಹತ್ತಿರದ ಆನೆಗೊಂದಿಯ ಸುತ್ತಲ ಸೀಮೆಯನ್ನು ಜನರು ಕಿಷ್ಕಿಂಧೆಯೆಂದೇ ನಂಬುತ್ತಾರೆ. ವಾಲ್ಮೀಕಿ ರಾಮಾಯಣದಲ್ಲಿ, ವಾಲಿಯ ವಧೆಯಾದ ಮೇಲೆ ನಗರಕ್ಕೆ ಬರಬೇಕೆಂಬ ಕೋರಿಕೆಯನ್ನು ರಾಮನು, ಹದಿನಾಲ್ಕು ವರ್ಷ ಊರನ್ನಾಗಲಿ ಪಟ್ಟಣವನ್ನಾಗಲಿ ಹೊಗಬಾರದೆಂಬ ತಂದೆಯ ಆಣತಿಯ ಕಾರಣದಿಂದ ಒಪ್ಪದೆ, ಮಳೆಗಾಲದ ನಾಲ್ಕು ತಿಂಗಳನ್ನು ಬೆಟ್ಟದ ಗುಹೆಯಲ್ಲಿ ಕಳೆಯುತ್ತಾನೆ. ಸ್ಥಳಪರಂಪರೆ ಆ ಬೆಟ್ಟವನ್ನು ಹಂಪಿಯ ಮಾಲ್ಯವಂತವೆಂದು ಗುರುತಿಸುತ್ತದೆ. ಸದಾ ಸಂಚರಿಸಬೇಕಾದ ಸಂನ್ಯಾಸಿ ಮಳೆಗಾಲದಲ್ಲಿ ಒಂದೆಡೆ ನೆಲೆಸುವ ಚಾತುರ್ಮಾಸ್ಯವೂ ಇಂಥದೇ ತಂಗು. ದೇಹ ನಿಂತರೂ ಸಂಕಲ್ಪ, ಅಂದರೆ ಮನಸ್ಸು ಕಟ್ಟಿಕೊಂಡ ಗುರಿ, ನಿಲ್ಲುವುದಿಲ್ಲ. ಪ್ರಯಾಣದ ಏಕತ್ವ ಇರುವುದು ಅಲ್ಲಿ, ಗಾಲಿಯ ಉರುಳಿನಲ್ಲಲ್ಲ.

ಇದಕ್ಕೆ ಎದುರಾಗಿ ಅಂಜನಾದ್ರಿಯ ಹನುಮಂತನನ್ನು ನಿಲ್ಲಿಸಬಹುದು. ಲಂಕೆಗೆ ಹಾರುವಾಗ ಕಡಲ ನಡುವಿನಿಂದ ಮೈನಾಕ ಪರ್ವತವೆದ್ದು ವಿಶ್ರಮಿಸೆಂದಾಗ ಅವನು, ನಡುವೆ ತಂಗುವುದಿಲ್ಲವೆಂಬ ಪ್ರತಿಜ್ಞೆಯನ್ನು ಹೇಳಿ, ಬೆಟ್ಟವನ್ನು ಕೈಯಿಂದ ಸವರಿ ಮುಂದಕ್ಕೆ ಹಾರುತ್ತಾನೆ. ರಾಮನ ತಂಗನ್ನು ಹಿರಿದೆಂದು, ಹನುಮನ ನಿರಾಕರಣೆಯನ್ನು ಕಿರಿದೆಂದು ತೂಗುವುದು ತಪ್ಪಾದೀತು. ಇಬ್ಬರೂ ತಮ್ಮನ್ನು ಕಟ್ಟಿಹಾಕಿದ ಮಾತಿನ ಗಡಿಯೊಳಗೇ ನಡೆದವರು, ಮತ್ತು ಆ ಸವರುವಿಕೆಯಲ್ಲಿ ಆತಿಥ್ಯಕ್ಕೆ ಸಲ್ಲಬೇಕಾದ ಮರ್ಯಾದೆಯೂ ಸಂದಿತು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರುವ ಮುದುಕಿ ಅರ್ಧದಲ್ಲಿ ಬಂಡೆಗೆ ಒರಗಿ ಕುಳಿತು, ಕೆಳಗಿನ ಭತ್ತದ ಗದ್ದೆಗಳನ್ನು ನೋಡುತ್ತ ಸೆರಗಿನಿಂದ ಮುಖ ಒರೆಸಿಕೊಳ್ಳುವಾಗಲೂ ಹನುಮನಿಗೆಂದು ತಂದ ತೆಂಗಿನಕಾಯಿ ಮಡಿಲಲ್ಲೇ ಇರುತ್ತದೆ.