ನೆರೆ ಎಲ್ಲಿಯವರೆಗೆ?

ಬೆಂಗಳೂರಿನ ಶ್ರೀನಗರ ಬಡಾವಣೆಯ ಬಸ್ ನಿಲ್ದಾಣದಿಂದ ಗವಿಪುರದ ಕಡೆಗೆ ಇಳಿದರೆ ಕೆಂಪಾಂಬುಧಿ ಕೆರೆ. ಕೆಂಪೇಗೌಡರ ಹೆಸರಿನಲ್ಲಿ ಬೆಂಗಳೂರಿನ ನಾಲ್ಕು ದಿಕ್ಕಿಗೆ ನಿಂತ ಗೋಪುರಗಳಲ್ಲಿ ಒಂದು ಇದರ ದಂಡೆಯಲ್ಲೇ ಇದೆ. ಊರಿನ ಗಡಿ ಎಂದು ಜನ ಗುರುತಿಸುತ್ತಿದ್ದ ಆ ಗೋಪುರ ಈಗ ಊರಿನ ನಡುಮಧ್ಯೆ ಸಿಕ್ಕಿಕೊಂಡಿದೆ. ಬೆಳಗಿನ ಹೊತ್ತು ವಾಕಿಂಗ್‌ಗೆ ಬಂದವರು ದಂಡೆಯ ಮೇಲೆ ಎರಡು ಸುತ್ತು ಹಾಕುತ್ತಾರೆ. ಗಾಳಿ ತಿರುಗಿದ ದಿನ ಸೆರಗೋ ಕರ್ಚೀಫೋ ಮೂಗಿಗೆ ಹೋಗುತ್ತದೆ. ಕೆರೆಗೆ ಬರಬೇಕಾದದ್ದು ಮಳೆನೀರು. ದಶಕಗಳಿಂದ ಅದರ ಜೊತೆಗೆ ಸುತ್ತಲಿನ ಬಡಾವಣೆಗಳ ಕೊಳಚೆಯೂ ಬಂದಿದೆ.

ಕೆಂಪಾಂಬುಧಿಗೆ ಒಂದು ಒಡಹುಟ್ಟು ಇತ್ತು, ಧರ್ಮಾಂಬುಧಿ. ಅದರ ಒಡಲಿನಲ್ಲಿ ಇಂದು ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದ ಕಡೆ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗೆಂದು ಉಳಿದ ಪುಟ್ಟ ಕೊಳವೊಂದೇ ಆ ಕೆರೆಯ ಗುರುತು. ಒಂದೊಂದರ ಹಿಂದೆಯೂ ಯಾವುದೋ ಕಚೇರಿಯಲ್ಲಿ, ಯಾರೋ ಸಹಿ ಹಾಕಿದ ತೀರ್ಮಾನವಿದೆ. ಆ ಕೆರೆಗಳ ನೀರು ಕುಡಿದವರನ್ನು, ಅವುಗಳ ಕೆಳಗೆ ಗದ್ದೆ ಮಾಡಿದವರನ್ನು ಕೇಳಿದವರು ಕಡಿಮೆ.

ಕನ್ನಡದಲ್ಲಿ ‘ನೆರೆ’ ಎಂಬ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಪಕ್ಕದ ಮನೆಯವರು ನೆರೆಯವರು. ಉಕ್ಕಿ ಬಂದ ನೀರು ನೆರೆ. ಜನ ಒಂದೆಡೆ ಸೇರಿದರೆ ‘ನೆರೆದರು’ ಎನ್ನುತ್ತೇವೆ. ನಗರಪಾಲಿಕೆಯ ಸಭೆಯಲ್ಲಿ ಒಂದು ಬಡಾವಣೆಯ ಬಗ್ಗೆ ಆಗುವ ನಿರ್ಧಾರಕ್ಕೆ ಈ ಮೂರೂ ಅರ್ಥ ಬೇಕು. ಯಾರು ನೆರೆದು ತೀರ್ಮಾನಿಸಿದರು? ಯಾರನ್ನು ನೆರೆಯವರೆಂದು ಲೆಕ್ಕಕ್ಕೆ ಹಿಡಿದರು? ಕೊನೆಗೆ ನೆರೆ ಯಾರ ಮನೆಗೆ ನುಗ್ಗಿತು? ಮೇಲ್ನೋಟಕ್ಕೆ ಇದು ಚರಂಡಿ, ರಸ್ತೆ, ಕಸದ ಮಾತು. ಒಳಗೆ ಇಳಿದರೆ ಧರ್ಮದ ಪ್ರಶ್ನೆ.

ಬೆಂಗಳೂರಿನ ಪೌರಾಡಳಿತ 1862ರಿಂದ ಇದೆ. 1949ರಲ್ಲಿ ಅದು ಕಾರ್ಪೊರೇಷನ್ ಆಯಿತು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. 2006ರ ಕೊನೆಯಿಂದ 2010ರವರೆಗೆ ಊರಿಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. 2015ರಲ್ಲಿ ಗೆದ್ದು ಬಂದ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದರು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರಪಾಲಿಕೆಗಳು, ಅವುಗಳ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಾಗಲೂ ಊರಿನಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. 1993ರ ಜೂನ್ 1ರಿಂದ ಜಾರಿಯಲ್ಲಿರುವ 74ನೇ ತಿದ್ದುಪಡಿಯ ಮಾತದು.

ಕೌನ್ಸಿಲ್ ಖಾಲಿಯಾಗಿ ಆರು ವಾರ ಕಳೆದಿತ್ತು. 2020ರ ಅಕ್ಟೋಬರ್ 23ರ ಸಂಜೆ ಸುರಿದ ಮಳೆಗೆ, ಶ್ರೀನಗರದಿಂದ ಹೆಚ್ಚು ದೂರವಿಲ್ಲದ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ರಾಜಕಾಲುವೆ ಉಕ್ಕಿ ಮನೆಮನೆಗೆ ನುಗ್ಗಿತು. ಅಧಿಕಾರಿಗಳು ಬಂದರು, ಮಂತ್ರಿಗಳು ಬಂದರು, ಪರಿಹಾರದ ಮಾತೂ ಬಂತು. ಆದರೆ ವಾರ್ಡಿನ ಹೆಸರಿನಲ್ಲಿ ಸಭೆಯಲ್ಲಿ ಎದ್ದು ನಿಂತು ‘ಈ ಕಾಲುವೆಯ ಕೆಲಸ ಯಾಕೆ ಹೀಗಾಯಿತು’ ಎಂದು ಉತ್ತರ ಕೇಳುವ ಕುರ್ಚಿ ಖಾಲಿ ಇತ್ತು.

ರಾಜಕಾಲುವೆಯ ಪಕ್ಕದ ಬೀದಿಗಳಲ್ಲಿ ನಡೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೆಲವು ಮನೆಗಳ ಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಹೊಸ್ತಿಲಿಗೆ ಅರಿಶಿನ ಕುಂಕುಮ, ಅದರ ಮುಂದೆ ಕಟ್ಟೆ, ಕಟ್ಟೆಯ ಆಚೆ ರಂಗೋಲಿ. ಮುದುಕರು ಗೋಡೆ ಹಿಡಿದು, ಒಂದು ಕಾಲು ಎತ್ತಿಟ್ಟು, ಆಮೇಲೆ ಇನ್ನೊಂದು ಕಾಲು ಎತ್ತಿ ದಾಟುತ್ತಾರೆ. ಯಾವ ನಕಾಶೆಯಲ್ಲೂ ಈ ಕಟ್ಟೆ ಇರುವುದಿಲ್ಲ. ಮೇಲಿನವರ ನಿರ್ಧಾರಕ್ಕೆ ಕೆಳಗಿನ ಮನೆಯವರು ಕೊಟ್ಟುಕೊಂಡ ಉತ್ತರ ಇದು.

‘ಅಧಿಕಾರಿಗಳೇ ಇರಲಿ, ಕೆಲಸ ಬೇಗ ಆಗುತ್ತದೆ’ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಾರ್ಪೊರೇಟರುಗಳ ಕಾಲದಲ್ಲೂ ಕೆರೆಗೆ ಕೊಳಚೆ ಬಂದಿದೆ, ಮರ ಬಿದ್ದಿದೆ, ಸುಳ್ಳು ಬಿಲ್ಲು ಬರೆದಿದ್ದಾರೆ. ಹಾಗಾದರೆ ಒಳ್ಳೆಯ ಫಲ ಸಿಕ್ಕರೆ ಸಾಕೇ, ಕೇಳಲೇಬೇಕೇ? ನಮ್ಮ ಬೀದಿಗಳ ನಡವಳಿಕೆ ಇದಕ್ಕೆ ಉತ್ತರ ಕೊಟ್ಟಿದೆ. ಮನೆಯ ಮೇಲೆ ಮಹಡಿ ಎತ್ತುವ ಮೊದಲು, ಬೋರ್‌ವೆಲ್ ಕೊರೆಸುವ ಮೊದಲು, ಮದುವೆಗೆ ರಸ್ತೆಯಲ್ಲಿ ಶಾಮಿಯಾನ ಹಾಕುವ ಮೊದಲು ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳುವುದು ವಾಡಿಕೆ. ಹೇಳದೆ ಮಾಡಿದರೆ ಪಕ್ಕದವರ ಬಾಯಲ್ಲಿ ಬರುವುದು ‘ಒಂದು ಮಾತು ಕೇಳಬಹುದಿತ್ತಲ್ಲ’ ಎಂಬ ನೋವು. ಆದ ನಷ್ಟಕ್ಕಿಂತ, ತಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ ಎಂಬುದು ದೊಡ್ಡದು. ಕೇಳದೆ ಮಾಡಿದ ಉಪಕಾರವೂ ಒಂದು ಬಗೆಯ ಅವಮಾನ.

ಕನ್ನಡ ನಾಡಿಗೆ ಈ ತಿಳಿವು ಹೊಸದಲ್ಲ. ಲಕ್ಷ್ಮೇಶ್ವರದಲ್ಲಿ, ಅಂದರೆ ಹಿಂದಿನ ಪುಲಿಗೆರೆಯಲ್ಲಿ, 8ನೇ ಶತಮಾನದ ಒಂದು ಶಾಸನವಿದೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಕೊಟ್ಟ ಆಚಾರವ್ಯವಸ್ಥೆ ಅದು. ಅರಸನ ಅಧಿಕಾರಿಗಳು ಊರಿನವರ ವಿಷಯದಲ್ಲಿ ಏನನ್ನು ಕಾಯಬೇಕು, ಊರಿನವರು ಏನು ಸಲ್ಲಿಸಬೇಕು ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಲಾಗಿದೆ. ಮನೆಮನೆಯ ತೆರಿಗೆ ಸ್ಥಿತಿಗತಿಗೆ ತಕ್ಕಂತೆ: ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. ಅಂದಿನ ಊರಿನಲ್ಲಿ ಎಲ್ಲರಿಗೂ ಸಮನಾದ ದನಿ ಇತ್ತೆಂದು ಹೇಳಲಾಗದು. ಆದರೂ ಆಳುವವರಿಗೂ ಊರಿಗೂ ನಡುವೆ ಒಂದು ಕರಾರು ಇರಬೇಕು, ಅದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು ಎಂಬ ಅರಿವು ಆಗಲೇ ಇತ್ತು.

ನಾಲ್ಕು ಶತಮಾನದ ನಂತರ ಕಲ್ಯಾಣದಲ್ಲಿ ಶರಣರು ಈ ಅರಿವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಅಂಗಳದಲ್ಲಿ ಬಿದ್ದ ಅಕ್ಕಿ ಆಯುವ ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ, ಇವರ ಮಾತಿಗೂ ಗೋಷ್ಠಿಯಲ್ಲಿ ತೂಕವಿತ್ತು. ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಕಳಿಸಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ದಾಸೋಹದ ಒಳಗುಟ್ಟು ಅಲ್ಲಿದೆ. ಕೊಡುವುದಕ್ಕೆ ಮೊದಲು, ತನ್ನ ಪಾಲು ಎಷ್ಟು ಎಂದು ಕೇಳಿಕೊಳ್ಳಬೇಕು. ಒಂದು ಬಡಾವಣೆಯೂ ತನ್ನನ್ನು ಹಾಗೆ ಕೇಳಿಕೊಳ್ಳಬಹುದು.

ನೆರೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಬೇರೆ ಮತಗಳೂ ಎತ್ತಿಕೊಂಡಿವೆ. ‘ನನ್ನ ನೆರೆಯವನು ಯಾರು’ ಎಂದು ಯೇಸುವನ್ನು ಒಬ್ಬ ಪಂಡಿತ ಕೇಳಿದ್ದಕ್ಕೆ ಸಿಕ್ಕ ಉತ್ತರವೇ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪರಜಾತಿಯ ಸಮಾರ್ಯದವನು ಎತ್ತಿ ಉಪಚರಿಸಿದ ಕಥೆ. ಇಸ್ಲಾಮಿನ ಪರಂಪರೆಯಲ್ಲಿ ನೆರೆ ಎಂದರೆ ಮನೆಯಿಂದ ನಲವತ್ತು ಮನೆಗಳವರೆಗೆ ಎಂಬ ಎಣಿಕೆಯುಂಟು. ಪಕ್ಕದವರು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವುದನ್ನು ಅದು ಒಪ್ಪುವುದಿಲ್ಲ. ಜೈನ ದರ್ಶನ ಜೀವಜೀವದ ನಡುವೆ ಪರಸ್ಪರ ಉಪಕಾರದ ನಂಟನ್ನು ಕಾಣುತ್ತದೆ. ವೈದಿಕ ಪರಂಪರೆ ಹೇಳುವ ಗೃಹಸ್ಥನ ಪಂಚಯಜ್ಞಗಳಲ್ಲಿ ಮನುಷ್ಯರಿಗೆ ಸಲ್ಲುವುದೊಂದು, ಉಳಿದ ಪ್ರಾಣಿಗಳಿಗೆ ಸಲ್ಲುವುದೊಂದು. ಎಲ್ಲೂ ನೆರೆಯ ಗಡಿ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ.

ಶ್ರೀನಗರದ ಮಟ್ಟಿಗೆ ಆ ಗಡಿಯನ್ನು ನೀರು ತೋರಿಸಿಕೊಡುತ್ತದೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಎಂಬುದು ಹಿಂದಿನಿಂದ ಬಂದ ನಂಬಿಕೆ, ಹೆಸರಿನಲ್ಲೇ ವೃಷಭವಿದೆ. ಕೆಂಪಾಂಬುಧಿಯೂ ಇದೇ ಕಣಿವೆಯದು. ನದಿ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ಕೆಂಗೇರಿ ದಾಟಿ, ಬಿಡದಿಯ ಬಳಿಯ ಬೈರಮಂಗಲ ಜಲಾಶಯ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ.

ಈಗ ನಲ್ಲಿಯನ್ನು ತಿರುಗಿಸಿ ನೋಡಬೇಕು. ಮನೆಗೆ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಮೇಲೇರಿ ಬಂದದ್ದು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅಡುಗೆಮನೆ, ಬಚ್ಚಲು, ಕಕ್ಕಸು ದಾಟಿದ ಆ ನೀರಿನ ದೊಡ್ಡ ಪಾಲು ಕಣಿವೆಗಿಳಿದು ವೃಷಭಾವತಿಯಾಗುತ್ತದೆ. ಬೈರಮಂಗಲದ ಅಚ್ಚುಕಟ್ಟಿನಲ್ಲಿ ಹಿಂದೆ ಭತ್ತ ಬೆಳೆಯುತ್ತಿದ್ದ ರೈತರು ಆ ನೀರಿಗೆ ತಾಳಿಕೊಳ್ಳುವ ಬೇಬಿಕಾರ್ನ್, ಸೀಮೆಹುಲ್ಲಿನಂಥ ಬೆಳೆಗಳಿಗೆ ತಿರುಗಿದರು. ಆ ಹುಲ್ಲು ತಿಂದ ಹಸುವಿನ ಹಾಲಿಗೆ, ಆ ತರಕಾರಿಗೆ ನಗರವೇ ಗಿರಾಕಿ. ಬೈರಮಂಗಲದವರಿಗೆ ಬೆಂಗಳೂರಿನ ಯಾವ ವಾರ್ಡಿನಲ್ಲೂ ವೋಟಿಲ್ಲ. ಆದರೂ ಶ್ರೀನಗರದ ಒಳಚರಂಡಿಯ ಬಗ್ಗೆ ಆಗುವ ಪ್ರತಿ ತೀರ್ಮಾನದ ಕೊನೆಯ ಸಾಲು ಬರೆಯಲಾಗುವುದು ಅವರ ಹೊಲದಲ್ಲಿ.

ಹಾಗೆಂದು ನಿರ್ಧಾರವನ್ನು ಬಡಾವಣೆಯವರ ಕೈಗೆ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಗಾಂಧೀಜಿ 1946ರಲ್ಲಿ ಹಳ್ಳಿಯಿಂದ ಹೊರಕ್ಕೆ ಹರಡುತ್ತಾ ಹೋಗುವ ಸಾಗರದ ಅಲೆಯಂಥ ವೃತ್ತಗಳನ್ನು ಕಲ್ಪಿಸಿದರು. ಅಲ್ಲಿ ಯಾವ ವೃತ್ತವೂ ಇನ್ನೊಂದನ್ನು ತುಳಿಯುವುದಿಲ್ಲ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಸಣ್ಣತನವನ್ನು, ಸ್ಥಳೀಯರ ಸಂಕುಚಿತ ದೃಷ್ಟಿಯನ್ನು ನೇರವಾಗಿ ಖಂಡಿಸಿದರು. ಬೆಂಗಳೂರು ಇಬ್ಬರ ಮಾತನ್ನೂ ನಿಜ ಮಾಡಿ ತೋರಿಸಿದೆ. ಮಂಡೂರಿನ ಜನ ತಮ್ಮ ಊರಿಗೆ ಬರುತ್ತಿದ್ದ ನಗರದ ಕಸದ ಲಾರಿಗಳ ವಿರುದ್ಧ ಎದ್ದು ನಿಂತ ಮೇಲೆ 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಅದು ನ್ಯಾಯವೇ. ಆದರೆ ಒಣಕಸ ವಿಂಗಡಿಸುವ ಕೇಂದ್ರವೊಂದನ್ನು ತಮ್ಮ ಬೀದಿಯಲ್ಲಿ ಮಾಡುತ್ತಾರೆಂದರೆ ‘ಇಲ್ಲಿ ಬೇಡ’ ಎನ್ನುವ ಬಡಾವಣೆಯೂ ಅದೇ ಧಾಟಿಯಲ್ಲಿ ಮಾತಾಡುತ್ತದೆ. ಮಂಡೂರಿನವರು ಹೇಳಿದ್ದು ‘ನಿಮ್ಮದು ನಮಗೆ ಬೇಡ’. ಬಡಾವಣೆ ಹೇಳುವುದು ‘ನಮ್ಮದೇ ನಮಗೆ ಬೇಡ’. ಎರಡೂ ವಿರೋಧವೇ, ಎರಡರ ಧರ್ಮ ಒಂದಲ್ಲ. ಬೆಳಿಗ್ಗೆ ಕಸದ ಆಟೋ ಬಂದಾಗ ಹಸಿ ಒಣ ಬೆರೆತ ಚೀಲಕ್ಕೆ ಕೈ ಹಾಕಿ ಬೇರ್ಪಡಿಸುವ ಪೌರಕಾರ್ಮಿಕರ ಬೆರಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಆದ್ದರಿಂದ ಹೊಸ ಪಾಲಿಕೆಗಳ ಸಭೆಗಳ ಮುಂದೆ ಬರುವ ವಿಷಯಗಳನ್ನು ಎರಡು ಕಡೆಯಿಂದ ಹಿಡಿದು ನೋಡಬೇಕಾಗುತ್ತದೆ. ಎಷ್ಟು ಮಹಡಿಗೆ ಒಪ್ಪಿಗೆ, ಯಾವ ರಸ್ತೆ ಅಗಲ, ಕಾಲುವೆಗೆ ಎಷ್ಟು ಹಣ, ಕಸದ ಶುಲ್ಕ ಎಷ್ಟು, ಆಟದ ಮೈದಾನ ಯಾರ ಸುಪರ್ದಿಗೆ — ಇವುಗಳಲ್ಲಿ ಮೊದಲು ಅಲ್ಲಿ ವಾಸಿಸುವವರನ್ನು ಕೇಳಬೇಕು. ಬಾಡಿಗೆಯವರನ್ನು, ಫುಟ್‌ಪಾತಿನ ಮೇಲೆ ಹೂವು ಸೊಪ್ಪು ಮಾರುವವರನ್ನು ಬಿಡದೆ. ಅದು ಪಾಲಿಕೆಯ ಧರ್ಮ. ಹಾಗೆ ಕೇಳಲ್ಪಟ್ಟವರು ತಮ್ಮ ಮಾತು ಹೇಳುವಾಗ, ಸಭೆಗೆ ಬರಲಾಗದವರ ಪರವಾಗಿಯೂ ಹೇಳಬೇಕು: ಕಣಿವೆಯ ಕೆಳಗಿನವರು, ರಸ್ತೆಬದಿಯ ಹೊಂಗೆಮರ, ಇನ್ನೂ ಹುಟ್ಟದ ಮಕ್ಕಳು. ಅದು ಬಡಾವಣೆಯ ಧರ್ಮ. ಒಂದು ತಪ್ಪಿದರೆ ದೌರ್ಜನ್ಯ, ಇನ್ನೊಂದು ತಪ್ಪಿದರೆ ಸ್ವಾರ್ಥ.

ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆನ್ನುತ್ತದೆ. ನೆರೆಯುವುದಕ್ಕೆ ಕಾನೂನು ಕೊಟ್ಟ ಜಾಗ ಅದು. ಪರಿಷೆಗೆ, ಗಣೇಶನ ಪೆಂಡಾಲಿಗೆ, ರಾಜ್ಯೋತ್ಸವದ ಬಾವುಟಕ್ಕೆ ನೆರೆಯುವ ಶ್ರೀನಗರದ ಜನ ಆ ಸಭೆಗೂ ಹೋಗಬೇಕು. ಕಾಲುವೆಯ ವಿಷಯ ಬಂದಾಗ ಯಾರಾದರೂ ಒಬ್ಬರು ಎದ್ದು, ಈ ನೀರು ಇಲ್ಲಿಂದ ಹೋಗಿ ಸೇರುವ ಊರಿನವರಿಗೆ ಏನಾಗುತ್ತದೆ ಎಂದು ಕೇಳಲಿ. ಆ ಸಭೆಯ ನಡಾವಳಿ ಪುಸ್ತಕದಲ್ಲಿ ಬೈರಮಂಗಲ ಎಂಬ ಹೆಸರು ಒಮ್ಮೆಯಾದರೂ ದಾಖಲಾಗಲಿ.