ಲಂಟಾನದ ಅಪರಾಧ

ಬಂಡೀಪುರದ ಕಾಡಿನಲ್ಲಿ ಲಂಟಾನದ ಪೊದೆಗಳನ್ನು ಬೇರುಸಹಿತ ಕೀಳುವುದನ್ನು ಕಂಡ ಮಿತ್ರರೊಬ್ಬರು, “ಪರದೇಶದ್ದೆಂದು ಗಿಡವನ್ನು ಕೊಲ್ಲುವುದು ನ್ಯಾಯವೆ?” ಎಂದು ಕೇಳಿದರು. ಹಗುರವಾದ ಪ್ರಶ್ನೆಯಲ್ಲ. ಅದರಂತೆಯೇ ಅಮೆರಿಕದಿಂದ ಬಂದ ಮೆಣಸಿನಕಾಯಿಯಿಲ್ಲದೆ ನಮ್ಮ ಸಾರಿಲ್ಲ. ಹುಟ್ಟು ಅಪರಾಧವಲ್ಲ, ನಡತೆಯನ್ನು ನೋಡಬೇಕು. ಲಂಟಾನ ದಟ್ಟವಾಗಿ ಹಬ್ಬಿದಲ್ಲಿ ಹುಲ್ಲು ಚಿಗುರದು, ಎಳೆಯ ಸಸಿ ತಲೆಯೆತ್ತದು, ಜಿಂಕೆಗೆ ಮೇವು ಸಿಕ್ಕದು.

ಆದರೆ 19ನೆಯ ಶತಮಾನದಲ್ಲಿ ಹೂವಿನ ಚೆಲುವಿಗೆ ಮರುಳಾಗಿ ಅದನ್ನು ತಂದು ನೆಟ್ಟವರು ಮನುಷ್ಯರೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವಂತೆ, 1974ರಲ್ಲಿ ಅದು ಅಭಯಾರಣ್ಯವಾಗಿ, ಅವರ ತರಗು ಬೆಂಕಿ ನಿಂತ ಮೇಲೆಯೇ ಪೊದೆ ಕಾಡನ್ನು ನುಂಗಿತು.

ಆದುದರಿಂದ ಕೀಳುವುದು ಗಿಡಕ್ಕೆ ಶಿಕ್ಷೆಯಲ್ಲ, ನಮಗೆ ಪ್ರಾಯಶ್ಚಿತ್ತ. ಮತ್ತೆ ಮೊಳೆವುದನ್ನು ವರ್ಷವರ್ಷವೂ ಕಿತ್ತು, ಹುಲ್ಲು ಮರಳುವವರೆಗೆ ಕಾಯದಿದ್ದರೆ ಅದೂ ಬರಿಯ ಹಿಂಸೆಯೇ.