ಕರ್ತೃವಿಲ್ಲದ ವಾಕ್ಯಗಳು

ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳಿಗೆ ಬಲು ಸುಲಭವೆಂದು ತೋರುವ ಪಾಠವೆಂದರೆ 'ವಾಯ್ಸ್'. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ನಮ್ಮ ಕನ್ನಡದ ಕರ್ತರಿ, ಕರ್ಮಣಿ ಪ್ರಯೋಗಗಳು. 'ರಾಮ ಕಿಲ್ಡ್ ರಾವಣ' ಎಂದು ಕರಿಹಲಗೆಯ ಮೇಲೆ ಬರೆದರೆ ಸಾಕು, ಹಿಂದಿನ ಬೆಂಚಿನ ಹುಡುಗರೂ 'ರಾವಣ ವಾಸ್ ಕಿಲ್ಡ್ ಬೈ ರಾಮ' ಎಂದು ತಿರುಗಿಸಿ ಹೇಳಿಬಿಡುತ್ತಾರೆ. ಕೊನೆಯವನು ಮೊದಲಿಗೆ ಬಂದ, ಮೊದಲಿನವನು ಕೊನೆಗೆ ಹೋದ, ನಡುವೆ ಒಂದು 'ವಾಸ್', ಕ್ರಿಯಾಪದದ ಮೂರನೆಯ ರೂಪ, ಆಮೇಲೊಂದು 'ಬೈ'. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಮೋಸವಿಲ್ಲ.

ಈ ಪಾಠ ಮಾಡುತ್ತ ನನಗೆ ಇಪ್ಪತ್ತೆಂಟು ವರ್ಷಗಳಾದವು. ರೆನ್ ಮತ್ತು ಮಾರ್ಟಿನ್ ಬರೆದ ದಪ್ಪ ಪುಸ್ತಕವನ್ನು ನಮ್ಮ ಮೇಷ್ಟರುಗಳೂ ನೆಚ್ಚಿದ್ದರು, ನಾವೂ ನೆಚ್ಚಿದೆವು. ಅದೇ ಏಕೆ, ಯಾವ ವ್ಯಾಕರಣ ಪುಸ್ತಕ ತೆರೆದರೂ ಈ ಪಾಠದ ಕೊನೆಗೆ ಒಂದು ಸಣ್ಣ ಮಾತು ಇದ್ದೇ ಇರುತ್ತದೆ. ಕೆಲಸ ಮಾಡಿದವರು ಯಾರೆಂದು ತಿಳಿಯದಿದ್ದರೆ, ಅಥವಾ ಹೇಳುವ ಅಗತ್ಯವಿಲ್ಲದಿದ್ದರೆ, 'ಬೈ' ಮತ್ತು ಅದರ ಮುಂದಿನ ಹೆಸರನ್ನು ಬಿಟ್ಟುಬಿಡಬಹುದು. 'ರಾವಣ ವಾಸ್ ಕಿಲ್ಡ್' ಎಂದರೂ ವಾಕ್ಯ ಪೂರ್ಣ. ಯಾರೂ ತಪ್ಪು ಹಾಕುವಂತಿಲ್ಲ.

ಅಗತ್ಯವಿಲ್ಲ ಸರಿ. ಯಾರಿಗೆ ಅಗತ್ಯವಿಲ್ಲ? ಇದು ವ್ಯಾಕರಣದ ಪ್ರಶ್ನೆಯಲ್ಲವೆಂದು ನನಗೆ ಮನವರಿಕೆ ಮಾಡಿಕೊಟ್ಟವರು ನನ್ನ ತಾಯಿ. ಅವರು ಇಂಗ್ಲಿಷ್ ಓದಿದವರಲ್ಲ. ತಂದೆಯವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆಂದು ಅರ್ಜಿ ಹಾಕಿದ್ದರು. ನಾಲ್ಕು ತಿಂಗಳ ಮೇಲೆ ಒಂದು ಕಾಗದ ಬಂತು. ದಾಖಲೆಗಳು ಅಪೂರ್ಣವಾಗಿರುವುದರಿಂದ ಅರ್ಜಿಯನ್ನು ಹಿಂದಿರುಗಿಸಲಾಗಿದೆ ಎಂದು ಅದರಲ್ಲಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಹಿಂದಿರುಗಿಸಲಾಗಿದೆ ಅಂತ ಇದೆ, ಹಿಂದಿರುಗಿಸಿದೋರು ಯಾರು ಅಂತ ಇಲ್ವಲ್ಲೇ. ನಾನು ಹೋಗಿ ಯಾರನ್ನ ಕೇಳಲಿ?" ಎಂದರು. ಕೆಳಗೊಂದು ಸಹಿಯೇನೋ ಇತ್ತು. ಅದರ ಮೇಲೂ 'ಪರವಾಗಿ' ಎಂದು ಬರೆದಿತ್ತು!

ನಮ್ಮ ಆಡುಮಾತಿನಲ್ಲಿ ಈ 'ಲಾಗಿದೆ' ಇಲ್ಲ. ಯಾವ ತಾಯಿಯೂ ಮಗುವಿಗೆ 'ನಿನಗೆ ಹಾಲು ಕೊಡಲಾಗಿದೆ' ಎನ್ನುವುದಿಲ್ಲ. 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ವಾಕ್ಯವನ್ನು ನಾವು ವ್ಯಾಕರಣ ಪುಸ್ತಕದ ಹೊರಗೆ ಕೇಳುವುದು ಅಪರೂಪ. ಕಚೇರಿಯ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುವಾಗ ಸೂಚಿಸಲಾಗಿದೆ, ತಿರಸ್ಕರಿಸಲಾಗಿದೆ, ವಿಷಾದಿಸಲಾಗಿದೆ ಎಂಬ ಮಂದೆಯೇ ಹಿಂದೆ ಬಂದಿರಬೇಕೆಂದು ನನ್ನ ಊಹೆ. ಕೊನೆಯದಂತೂ ನನಗೆ ಬಲು ವಿಚಿತ್ರವಾಗಿ ಕಾಣುತ್ತದೆ. ವಿಷಾದ ಪಡಲು ಒಬ್ಬ ಮನುಷ್ಯ ಬೇಡವೆ?

ಇಂಗ್ಲಿಷಿನವರಿಗೂ ಇದು ತಿಳಿಯದ್ದೇನಲ್ಲ. ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಒಂದು ಪ್ರಬಂಧ ಬರೆದ. ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಬರೆಯುವವರಿಗೆ ಅವನು ಕೊಟ್ಟ ಆರು ಸೂತ್ರಗಳಲ್ಲಿ ಒಂದು, ಕರ್ತರಿ ಬಳಸಲು ಬರುವ ಕಡೆ ಕರ್ಮಣಿ ಬಳಸಬೇಡಿ ಎಂಬುದು. ಅದೇ ಪ್ರಬಂಧದಲ್ಲಿ ಅವನೂ ಧಾರಾಳವಾಗಿ ಕರ್ಮಣಿ ಬಳಸಿದ್ದಾನೆಂಬುದು ಬೇರೆ ಮಾತು. ಇನ್ನು ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್. ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಹಗರಣ ಬಯಲಾದ ಮೇಲೆ 1987ರ ಜನವರಿಯಲ್ಲಿ ಅವರು ಸಂಸತ್ತಿನ ಮುಂದೆ ಆಡಿದ್ದು, ಗಂಭೀರ ತಪ್ಪುಗಳು 'ವರ್ ಮೇಡ್' ಎಂದು. 'ಬೈ' ಇಲ್ಲ. ಮಾರ್ಚ್ ತಿಂಗಳ ಇನ್ನೊಂದು ಭಾಷಣದಲ್ಲಿ 'ಐ' ಎಂದು ಆರಂಭಿಸಿ ಹೊಣೆ ಹೊತ್ತರು. ಮೊದಲನೆಯ ವಾಕ್ಯದಿಂದ ಎರಡನೆಯದಕ್ಕೆ ಬರಲು ಅಷ್ಟು ದೊಡ್ಡ ಮನುಷ್ಯರಿಗೂ ಐದು ವಾರ ಬೇಕಾಯಿತು. ನಮ್ಮ ಮಕ್ಕಳು ಅರ್ಧ ನಿಮಿಷದಲ್ಲಿ ಮಾಡುತ್ತಾರೆ!

ಹಾಗೆಂದು ಕರ್ತೃವನ್ನು ಮರೆಸುವುದೆಲ್ಲ ಅನ್ಯಾಯವೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ಅತ್ತೆಯವರು ಒಂದು ದಿನವೂ 'ನೀನು ಮಜ್ಜಿಗೆ ಹುಳಿ ಮಾಡಿದ್ದೀಯ' ಎಂದವರಲ್ಲ. 'ಯಾಕೋ ಮಜ್ಜಿಗೆ ಸ್ವಲ್ಪ ಹುಳಿಯಾಗಿದೆ' ಎನ್ನುತ್ತಿದ್ದರು. ಮಜ್ಜಿಗೆ ತಾನೇ ಹುಳಿಯಾಯಿತು, ಸೊಸೆ ಉಳಿದುಕೊಂಡಳು. ಒಟ್ಟು ಕುಟುಂಬಗಳು ನಡೆದದ್ದೇ ಇಂಥ ವಾಕ್ಯಗಳ ಮೇಲೆ. ತರಗತಿಯಲ್ಲಿ ಒಮ್ಮೆ 'ದಿ ವಿಂಡೋ ವಾಸ್ ಬ್ರೋಕನ್' ಎಂದು ಬರೆದು, ಬೈ ಯಾರು ಎಂದು ಕೇಳಿದೆ. "ಬೈ ದಿ ಬಾಲ್, ಮಿಸ್" ಎಂದು ಒಬ್ಬ ಕೂಗಿದ. ಕಿಟಕಿಯ ಗಾಜು ನಿಜವಾಗಿಯೂ ಹಿಂದಿನ ದಿನ ಒಡೆದಿತ್ತು. ಬಾಲ್ ಎಸೆದವರು ಯಾರೆಂದರೆ ಇಡೀ ತರಗತಿಯೇ ಬಾಯಿ ಹೊಲಿದುಕೊಂಡು ಕೂತಿತು. ಕಣ್ಣುಗಳೆಲ್ಲ ಒಬ್ಬನ ಕಡೆಗೇ ಇದ್ದವು, ಬಾಯಲ್ಲಿ ಮಾತ್ರ ಹೆಸರು ಬರಲಿಲ್ಲ. ಆ ಮಕ್ಕಳು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಬಡವರ ಮನೆಯ ಹುಡುಗನನ್ನು ದಂಡದಿಂದ ಉಳಿಸಿದರು.

ಇನ್ನೊಬ್ಬರ ಸಣ್ಣ ತಪ್ಪನ್ನು ಮರೆಸಲು ಕರ್ತೃವನ್ನು ಬಿಡುವುದು ಒಂದು, ತಾನು ಮಾಡಿದ್ದನ್ನು ಮರೆಸಲು ಬಿಡುವುದು ಇನ್ನೊಂದು. ವ್ಯಾಕರಣದ ಕಣ್ಣಿಗೆ ಎರಡೂ ವಾಕ್ಯಗಳು ಒಂದೇ. ಇದಕ್ಕಿಂತ ನಮಗೆ ಹತ್ತಿರದ್ದು ಮೂರನೆಯದು. ಅಡುಗೆ ಆಗಿದೆ, ಬಟ್ಟೆ ಒಗೆದಾಗಿದೆ, ನೀರು ತುಂಬಿಸಿಯಾಗಿದೆ. ದಿನಾ ಬೆಳಗಾಗುವ ಹಾಗೆ ಇವೂ ಆಗುತ್ತವೆ. ಮಾಡಿದವಳು ಆ ವಾಕ್ಯದಲ್ಲಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ 'ಯಾರು ಮಾಡಿದ್ದು?' ಎಂದು ಕರ್ತೃವಿನ ಹುಡುಕಾಟ ಶುರುವಾಗುತ್ತದೆ.

ನಗುವ ಮಾತು ಇಲ್ಲಿಗೆ ಸಾಕು. 1980ರ ದಶಕದಲ್ಲಿ, ನಾವು ಹೈಸ್ಕೂಲಿನ ಹುಡುಗಿಯರಾಗಿದ್ದಾಗ, ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಊರು ಬೇರೆ, ಹೆಸರು ಬೇರೆ, ವಾಕ್ಯ ಒಂದೇ. ಸ್ಟವ್ ಸಿಡಿಯಿತು, ಸೆರಗಿಗೆ ಬೆಂಕಿ ತಗುಲಿತು, ಗೃಹಿಣಿ ಸುಟ್ಟುಹೋದಳು. ಇದರಲ್ಲಿ ಪ್ಯಾಸಿವ್ ವಾಯ್ಸ್ ಎಲ್ಲಿಯೂ ಇಲ್ಲ. ಸಿಡಿಯುವುದು, ತಗುಲುವುದು ಎಲ್ಲ ಅಕರ್ಮಕ ಕ್ರಿಯಾಪದಗಳು. ಅವುಗಳಿಗೆ 'ಬೈ' ಬೇಕೇ ಇಲ್ಲ, ತಾವಾಗಿ ನಡೆಯುತ್ತವೆ. ಕರ್ಮಣಿ ಪ್ರಯೋಗದಲ್ಲಾದರೂ ಮಾಡಿದವನು ಬಾಗಿಲ ಹೊರಗೆ ನಿಂತಿದ್ದಾನೆಂಬ ಸುಳಿವು ಇರುತ್ತದೆ. ಇಲ್ಲಿ ಅದೂ ಇಲ್ಲ. ಸ್ಟವ್ ಇದೆ, ಬೆಂಕಿ ಇದೆ, ಸೊಸೆ ಇದ್ದಾಳೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನಿಜವಾಗಿ ಸಿಡಿದ ಸ್ಟವ್‌ಗಳೂ ಇದ್ದಾವು, ಪಂಪ್ ಸ್ಟವ್ ಹಚ್ಚಿದವರಿಗೆ ಆ ಭಯ ಗೊತ್ತು. ಆದರೆ ಅತ್ತೆ, ನಾದಿನಿ ಅಡುಗೆ ಮಾಡುವಾಗ ಸುಮ್ಮನಿದ್ದ ಸ್ಟವ್ ಹೊಸ ಸೊಸೆ ಮುಂದೆ ಕೂತಾಗಲೇ ಏಕೆ ಸಿಡಿಯುತ್ತಿತ್ತು ಎಂದು ಕೇಳುವ ಜಾಗ ಆ ವಾಕ್ಯದಲ್ಲಿ ಇರಲಿಲ್ಲ.

ಆ ಜಾಗವನ್ನು ಮಾಡಿಕೊಟ್ಟದ್ದು ಕಾನೂನು. 1986ರಲ್ಲಿ ಭಾರತ ದಂಡ ಸಂಹಿತೆಗೆ 304ಬಿ ಎಂಬ ಸೆಕ್ಷನ್ ಸೇರಿತು. ಮದುವೆಯಾದ 7 ವರ್ಷಗಳೊಳಗೆ ಹೆಣ್ಣು ಸುಟ್ಟಗಾಯದಿಂದಲೋ, ಬೇರೆ ಅಸಹಜ ರೀತಿಯಲ್ಲೋ ಸತ್ತು, ಸಾಯುವ ಸ್ವಲ್ಪ ಮುಂಚೆ ಗಂಡನೋ ಅವನ ಕಡೆಯವರೋ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರೆಂದು ತೋರಿಬಂದರೆ, ಅವಳ ಸಾವಿಗೆ ಅವರೇ ಕಾರಣರೆಂದು ಭಾವಿಸತಕ್ಕದ್ದು. ಶಿಕ್ಷೆ 7 ವರ್ಷಕ್ಕೆ ಕಡಿಮೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 80ನೆಯ ಸೆಕ್ಷನ್. ವಕೀಲರು ಇದನ್ನು ಬೇರೆ ರೀತಿ ವಿವರಿಸುತ್ತಾರೇನೋ. ನನ್ನಂಥ ವ್ಯಾಕರಣದ ಟೀಚರಿಗೆ ಕಾಣುವುದು ಇಷ್ಟು: ಕರ್ತೃವಿಲ್ಲದ ವಾಕ್ಯಕ್ಕೆ ಕಾನೂನು ಒಂದು ಕರ್ತೃವನ್ನು ತಂದು ಕೂರಿಸಿತು. ತಮಾಷೆಯೆಂದರೆ ಅದರ ಇಂಗ್ಲಿಷ್ 'ಶಲ್ ಬಿ ಡೀಮ್ಡ್' ಎಂದಿದೆ. ಕರ್ಮಣಿಯೇ! ಪ್ರಯೋಗ ಯಾವುದೆಂಬುದಕ್ಕಿಂತ ಅದು ಯಾರ ಕಡೆಗೆ ನಿಂತಿದೆ ಎಂಬುದು ಮುಖ್ಯವೆಂದು ಆರ್ವೆಲ್‌ಗೆ ಹೇಳಬೇಕೆನಿಸುತ್ತದೆ.

ಕರ್ತರಿ ಪ್ರಯೋಗವೂ ಸಾಚಾ ಅಲ್ಲ. ಶಾಲೆಯ ದಾಖಲೆಗಳಲ್ಲಿ 'ಶಾಲೆ ಬಿಟ್ಟ ಮಕ್ಕಳು' ಎಂದು ಬರೆಯುತ್ತೇವೆ. ಹುಡುಗಿ ಶಾಲೆ ಬಿಟ್ಟಳು. ಕರ್ತೃ ಇದ್ದಾಳೆ, ಕರ್ಮ ಇದೆ, ಕ್ರಿಯಾಪದ ಇದೆ, ಪೂರ್ಣಾಂಕ ಕೊಡಬೇಕಾದ ವಾಕ್ಯ. ಆದರೆ ಬಿಟ್ಟವಳು ಅವಳೇನು? ಕನ್ನಡದಲ್ಲಿ ಬಿಡು, ಬಿಡಿಸು ಎಂದು ಎರಡು ಮಾತುಗಳಿವೆ. ಅವೆರಡರ ನಡುವೆ ಒಂದು ಹುಡುಗಿಯ ಬದುಕೇ ಇದೆ, ರಿಜಿಸ್ಟರಿನಲ್ಲಿ ಮಾತ್ರ ಒಂದಕ್ಕೇ ಜಾಗ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬಳು ದಸರಾ ರಜೆಯ ನಂತರ ಬರಲಿಲ್ಲ. ಓದುವ ಹುಡುಗಿ. ಹದಿನೈದು ದಿನ ಕಾದು, ಒಂದು ಸಂಜೆ ಸಹೋದ್ಯೋಗಿಯೊಬ್ಬರ ಜೊತೆ ಅವಳ ಮನೆಗೆ ಹೋದೆ. ತಂದೆ ಚಾಪೆ ಹಾಸಿ ಕೂರಿಸಿದರು. "ನಾವೇನೂ ಬೇಡ ಅಂದಿಲ್ಲ ಟೀಚರ್, ಅವಳೇ ಬಿಟ್ಟಳು" ಎಂದರು. ತಾಯಿ ನೆಲ ನೋಡುತ್ತಿದ್ದರು. ಹುಡುಗಿ ಕಾಫಿ ತಂದಿಟ್ಟಳು, ಏನೂ ಮಾತಾಡಲಿಲ್ಲ. ನಾವು ಹೊರಟಾಗ ಬೀದಿಯ ತಿರುವಿನ ತನಕ ಬಂದಳು. "ಯಾಕಮ್ಮ ಬಿಟ್ಟೆ?" ಎಂದೆ. "ಬಿಡಿಸಿದ್ರು ಮಿಸ್" ಎಂದಳು.

ಯಾರ ಹೆಸರನ್ನೂ ಹೇಳಲಿಲ್ಲ. ಇಂಗ್ಲಿಷಿನಲ್ಲಾದರೆ ಅವಳು ಒಂದು 'ದೇ' ಹುಡುಕಬೇಕಿತ್ತು. ಕನ್ನಡದಲ್ಲಿ ಆ 'ರು' ಒಂದೇ ಸಾಕು, ಅದರೊಳಗೆ ಅಪ್ಪ, ಚಿಕ್ಕಪ್ಪ, ಗಂಡು ತೋರಿಸಿದ ನೆಂಟರು ಎಲ್ಲರೂ ಇದ್ದರು. ಮುಖ್ಯೋಪಾಧ್ಯಾಯರಿಗೆ ನಾನು ಕೊಟ್ಟ ವರದಿಯಲ್ಲಿ ಕಾರಣದ ಜಾಗದಲ್ಲಿ 'ಮನೆಯವರು ಶಾಲೆ ಬಿಡಿಸಿದ್ದಾರೆ' ಎಂದೇ ಬರೆದೆ. ಹಾಗೆ ಬರೆದದ್ದರಿಂದ ಅವರು ಸುಮ್ಮನೆ ಕಡತಕ್ಕೆ ಸೇರಿಸಿ ಕೂರುವಂತಿರಲಿಲ್ಲ, ತಂದೆಯನ್ನು ಕರೆಸಿದರು. ಮದುವೆಯ ಮಾತು ನಿಂತಿತು. ಹುಡುಗಿ ತರಗತಿಗೆ ಮರಳಿ ಬರಲಿಲ್ಲ. ಎರಡು ವರ್ಷದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂತಳು. ಇಂಗ್ಲಿಷ್ ಆಗಿದೆ, ಗಣಿತ ಇನ್ನೂ ಉಳಿದಿದೆ.